ಮುಖಾಮುಖಿ ಸಮ್ಮೇಳನ: ಖರ್ಚೋ, ಬಂಡವಾಳವೋ?

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದ ಮೇಲೆ ಬೆಳ್ಳಂದೂರಿನ ಹೊರವರ್ತುಲ ರಸ್ತೆ ಹಿಂದೆಂದೂ ಕಾಣದಷ್ಟು ಬರಿದಾಯಿತು. ಸಿಲ್ಕ್ ಬೋರ್ಡ್‌ನಿಂದ ಕೃಷ್ಣರಾಜಪುರದವರೆಗೆ ಸುಮಾರು 17 ಕಿ.ಮೀ. ಉದ್ದಕ್ಕೆ ಹಬ್ಬಿದ ಮಾಹಿತಿ ತಂತ್ರಜ್ಞಾನ ವಲಯದ ನೌಕರರು ಮನೆಗಳಿಂದಲೇ ಕೆಲಸ ಮಾಡತೊಡಗಿದರು. ಕಚೇರಿಗಳೊಂದಿಗೆ ಸಭಾಂಗಣಗಳಿಗೂ ಬೀಗ ಬಿದ್ದಿತು. ವಿಚಾರ ಸಂಕಿರಣ, ಕಾರ್ಯಾಗಾರ, ಖರೀದಿದಾರರ ಮತ್ತು ಪೂರೈಕೆದಾರರ ಸಮಾವೇಶ ಎಲ್ಲವೂ ಗಣಕಯಂತ್ರದ ತೆರೆಯನ್ನೇರಿದವು. ಸಮ್ಮೇಳನಗಳನ್ನೇ ನಂಬಿದ್ದ ಅಡುಗೆ ಗುತ್ತಿಗೆದಾರರು, ಶಾಮಿಯಾನದವರು, ಬ್ಯಾನರ್ ಮುದ್ರಿಸುವವರು, ಬಾಡಿಗೆ ವಾಹನದವರು ತಿಂಗಳುಗಟ್ಟಲೆ ಕೈಕಟ್ಟಿ ಕುಳಿತರು.

ಇಂದು ಆ ರಸ್ತೆ ಮತ್ತೆ ಕಿಕ್ಕಿರಿದಿದೆ. ಸಭಾಂಗಣಗಳ ಬಾಗಿಲುಗಳೂ ತೆರೆದಿವೆ. ಆದರೆ ಸಮ್ಮೇಳನದ ಆಹ್ವಾನ ಪತ್ರಿಕೆ ಕೈಸೇರಿದೊಡನೆ ಅನೇಕ ಸಣ್ಣ ಉದ್ಯಮಿಗಳ ಬಾಯಿಂದ ಹೊರಡುವ ಮೊದಲ ಮಾತು, "ಲಿಂಕ್ ಕಳುಹಿಸುವುದಿಲ್ಲವೇ?" ಎಂಬುದು. ಆ ಪ್ರಶ್ನೆಯನ್ನು ಸೋಮಾರಿತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಒಂದು ದಿನ ಕಾರ್ಖಾನೆ ಬಿಟ್ಟು ಹೊರಡುವ ಮಾಲೀಕನಿಗೆ ಆ ದಿನದ ಬೆಲೆ ಚೆನ್ನಾಗಿ ತಿಳಿದಿರುತ್ತದೆ. ಆದುದರಿಂದ ಮುಖಾಮುಖಿ ಸಮ್ಮೇಳನದ ಜಮಾ ಖರ್ಚನ್ನು ನಿಷ್ಪಕ್ಷಪಾತವಾಗಿ ತಾಳೆ ನೋಡುವುದು ಅಗತ್ಯ.

ತೆರೆ ಕೊಟ್ಟ ಲಾಭ

ದೂರದ ಸಭೆಗಳಿಂದ ಆದ ಉಪಕಾರವನ್ನು ಮೊದಲು ಒಪ್ಪಿಕೊಳ್ಳಬೇಕು. 2020ರ ಮೇ 5ರ ಸುತ್ತೋಲೆಯ ಮೂಲಕ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವು ಕಂಪನಿಗಳ ವಾರ್ಷಿಕ ಮಹಾಸಭೆಯನ್ನು ದೃಶ್ಯ ಸಂವಾದದ ಮೂಲಕ ನಡೆಸಲು ಅವಕಾಶ ನೀಡಿತು. ಮುಂದಿನ ವರ್ಷಗಳಲ್ಲಿ ಆ ಅವಕಾಶ ಮತ್ತೆ ಮತ್ತೆ ವಿಸ್ತರಣೆಗೊಂಡಿತು. ಕೋರಂ ಎಣಿಸಿ, ನಿರ್ಣಯ ಮಂಡಿಸಿ, ಮತ ದಾಖಲಿಸುವ ಕೆಲಸಕ್ಕೆ ತೆರೆಯೇ ಸಾಕೆಂಬುದು ಇದರಿಂದ ಸಿದ್ಧವಾಯಿತು. ಲೆಕ್ಕ ಪರಿಶೋಧಕರೂ ತಮ್ಮ ಕಡ್ಡಾಯ ವೃತ್ತಿ ಶಿಕ್ಷಣದ ಗಂಟೆಗಳನ್ನು ಆನ್‌ಲೈನ್ ಸಭೆಗಳಲ್ಲಿ ಪೂರೈಸಿದರು. ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಗಳ ಉದ್ಯಮಿಗಳು ರಾತ್ರಿ ಬಸ್ಸಿನ ಪ್ರಯಾಣವಿಲ್ಲದೆ ಬೆಂಗಳೂರಿನ ತಜ್ಞರ ಉಪನ್ಯಾಸ ಕೇಳುವಂತಾಯಿತು. ಮನೆ ಮತ್ತು ಉದ್ಯಮ ಎರಡನ್ನೂ ನಿಭಾಯಿಸುವ ಮಹಿಳಾ ಉದ್ಯಮಿಗಳಿಗೂ ಈ ಸೌಲಭ್ಯ ನೆರವಾಯಿತು.

ದೊಡ್ಡ ಸಮಾವೇಶಗಳೂ ಇದೇ ದಾರಿ ಹಿಡಿದಿದ್ದವು. 2020ರ ನವೆಂಬರ್ 19ರಿಂದ 21ರವರೆಗೆ ನಡೆದ ಬೆಂಗಳೂರು ತಂತ್ರಜ್ಞಾನ ಶೃಂಗಸಭೆ ಆನ್‌ಲೈನ್‌ನಲ್ಲಿಯೇ ಜರುಗಿತು. 2021ರಲ್ಲಿ ಅದು ಎರಡೂ ವಿಧಾನಗಳ ಮಿಶ್ರಣವಾಗಿತ್ತು. 2022ರ ನವೆಂಬರ್‌ನಲ್ಲಿ ಬೆಂಗಳೂರು ಅರಮನೆಯ ಆವರಣಕ್ಕೆ ಮರಳಿತು. ಅದೇ ತಿಂಗಳ ಆರಂಭದಲ್ಲಿ ರಾಜ್ಯದ ಜಾಗತಿಕ ಹೂಡಿಕೆದಾರರ ಸಮಾವೇಶವೂ ಜನರ ಸಮಕ್ಷಮದಲ್ಲಿಯೇ ನಡೆಯಿತು. ಅದಕ್ಕೂ ಮೊದಲು, 2022ರ ಜೂನ್‌ನಲ್ಲಿ, ತುಮಕೂರು ರಸ್ತೆಯ ಮಾದಾವರದ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್ ಯಂತ್ರೋಪಕರಣ ಪ್ರದರ್ಶನ ಮತ್ತೆ ಬಾಗಿಲು ತೆರೆದಿತ್ತು. ಅತ್ಯಾಧುನಿಕ ಸಂಪರ್ಕ ಸಾಧನಗಳೆಲ್ಲ ಕೈಯಲ್ಲಿರುವ ತಂತ್ರಜ್ಞಾನ ಕಂಪನಿಗಳೇ ಜನರನ್ನು ಒಂದೆಡೆ ಸೇರಿಸಲು ಇಷ್ಟೊಂದು ಹಣ ವ್ಯಯಿಸುತ್ತಿರುವಾಗ, ಅದರ ಕಾರಣವನ್ನು ಸಣ್ಣ ಉದ್ಯಮಿಯೂ ವಿಚಾರಿಸಬೇಕಾಗುತ್ತದೆ.

ತೆರೆಗೆ ದಕ್ಕದ ಮಾತು

ಕಾರಣ ಸರಳವಾಗಿದೆ. ತೆರೆಯ ಮೇಲೆ ಮಾಹಿತಿ ದೊರೆಯುತ್ತದೆ, ವಿಶ್ವಾಸ ದೊರೆಯುವುದಿಲ್ಲ. ಸಣ್ಣ ಉದ್ಯಮವಾದರೋ ಬಹುಮಟ್ಟಿಗೆ ನಡೆಯುವುದು ವಿಶ್ವಾಸದ ಮೇಲೆ, ಅಂದರೆ ಉದ್ರಿಯ ಮೇಲೆ. ಯಾರಿಗೆ ಅರವತ್ತು ದಿನಗಳ ಉದ್ರಿ ಕೊಡಬಹುದು, ಯಾರಿಂದ ಮುಂಗಡ ಪಡೆಯದೆ ಕೆಲಸ ಆರಂಭಿಸಬಾರದು ಎಂಬ ತಿಳಿವಳಿಕೆ ಯಾವ ಉಪನ್ಯಾಸದಲ್ಲಿಯೂ ಸಿಗದು. ಅದು ಊಟದ ಸಾಲಿನಲ್ಲಿ, ಕಾಫಿಯ ವಿರಾಮದಲ್ಲಿ, ವಾಹನ ನಿಲ್ದಾಣದವರೆಗೆ ಜೊತೆಯಲ್ಲಿ ನಡೆಯುವಾಗ ಸಿಗುವಂಥದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ 2006ರ 15ನೆಯ ವಿಧಿಯ ಪ್ರಕಾರ ಖರೀದಿದಾರನು ಲಿಖಿತ ಕರಾರಿಲ್ಲದಿದ್ದರೆ 15 ದಿನಗಳೊಳಗೆ, ಕರಾರಿದ್ದರೂ ಹೆಚ್ಚೆಂದರೆ 45 ದಿನಗಳೊಳಗೆ ಪೂರೈಕೆದಾರನಿಗೆ ಹಣ ಪಾವತಿ ಮಾಡತಕ್ಕದ್ದು. 2023ರ ಹಣಕಾಸು ಕಾಯ್ದೆಯು ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಉಪವಿಧಿಯನ್ನು ಸೇರಿಸಿ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಗಡುವು ಮೀರಿ ಪಾವತಿಸಿದ ಮೊತ್ತವನ್ನು ಪಾವತಿಯಾದ ವರ್ಷದಲ್ಲಷ್ಟೇ ಖರ್ಚೆಂದು ಕಳೆಯಬಹುದೆಂದು ವಿಧಿಸಿತು. 2024-25ರ ಕರನಿರ್ಧಾರಣಾ ವರ್ಷದಿಂದ ಇದು ಅನ್ವಯವಾದಾಗ ಈ ಕುರಿತು ಆನ್‌ಲೈನ್ ಉಪನ್ಯಾಸಗಳಿಗೆ ಬರವಿರಲಿಲ್ಲ. ವಿಧಿಯ ಅರ್ಥವನ್ನು ತೆರೆಯ ಮೇಲಿನ ವಿವರಣೆ ಚೆನ್ನಾಗಿಯೇ ತಿಳಿಸುತ್ತದೆ.

ಆದರೆ ಪೀಣ್ಯದ ಬಿಡಿಭಾಗ ತಯಾರಕನ ನಿಜವಾದ ಸಂಕಟ ವಿಧಿಯ ಅರ್ಥದಲ್ಲಿಲ್ಲ. ವರ್ಷದ ಮುಕ್ಕಾಲು ಪಾಲು ಕೆಲಸ ಕೊಡುವ ಗಿರಾಕಿಯೇ ನೂರಿಪ್ಪತ್ತು ದಿನ ಹಣ ತಡೆದಿಟ್ಟುಕೊಂಡರೆ ಅವನ ಮುಂದೆ ಕಾಯ್ದೆಯ ಪುಸ್ತಕ ತೆರೆಯುವುದು ಹೇಗೆ? ದೂರು ಕೊಟ್ಟರೆ ಮುಂದಿನ ಆರ್ಡರ್ ಉಳಿಯುವುದೇ? ಈ ಪ್ರಶ್ನೆಯನ್ನು ಯಾವ ಪೂರೈಕೆದಾರನೂ ನೂರು ಜನರ ಹೆಸರು ಕಾಣುವ, ಧ್ವನಿಮುದ್ರಣವಾಗುತ್ತಿರುವ ಸಭೆಯಲ್ಲಿ ಎತ್ತಲಾರ. ತೆರೆಯ ಅಂಚಿನ ಪ್ರಶ್ನೆಯ ಅಂಕಣದಲ್ಲಿ ಬರೆಯಲೂ ಹಿಂಜರಿಯುತ್ತಾನೆ. ಸಭಾಂಗಣದ ಮೂಲೆಯಲ್ಲಿ ಮಾತ್ರ, ಅದೇ ಗಿರಾಕಿಗೆ ಸರಕು ಒದಗಿಸುವ ಮತ್ತೊಬ್ಬನ ಬಳಿ, ಮೆಲುದನಿಯಲ್ಲಿ ಹೇಳಿಕೊಳ್ಳುತ್ತಾನೆ. ತನ್ನೊಬ್ಬನದೇ ದುರದೃಷ್ಟವೆಂದು ಬಗೆದಿದ್ದ ಸಂಗತಿ ನಾಲ್ವರದೆಂದು ಗೊತ್ತಾಗುವುದು ಅಲ್ಲಿಯೇ. ನಾಲ್ವರ ಸಂಕಟ ಸಂಘದ ಮನವಿಯಾಗುವುದು, ಮನವಿ ಸರ್ಕಾರದ ಮುಂದೆ ಹೋಗುವುದು ಆ ಬಳಿಕ. ಏಕಾಂಗಿಯಾಗಿ ತೆರೆಯ ಮುಂದೆ ಕುಳಿತ ಉದ್ಯಮಿ ಕಳೆದುಕೊಂಡದ್ದು ಈ ಬಲವನ್ನು.

ಯಂತ್ರಗಳ ವಿಷಯದಲ್ಲಿಯೂ ಹೀಗೆಯೇ. ಲಕ್ಷಾಂತರ ರೂಪಾಯಿ ಸಾಲ ಮಾಡಿ ಯಂತ್ರ ಕೊಳ್ಳುವವನು ಅದು ಓಡುವಾಗ ಹೊರಡುವ ಶಬ್ದವನ್ನು ಕೇಳಬೇಕು, ಕಡೆದ ಲೋಹದ ಮೇಲ್ಮೈಯನ್ನು ಬೆರಳಿನಿಂದ ಸವರಿ ನೋಡಬೇಕು, ಅದನ್ನು ಈಗಾಗಲೇ ಕೊಂಡವನನ್ನು ಹುಡುಕಿ ವಿಚಾರಿಸಬೇಕು. ವಿವರಣಾ ಪತ್ರಿಕೆಯಲ್ಲಿ ದೋಷಗಳು ಅಚ್ಚಾಗುವುದಿಲ್ಲ.

ಈ ನಾಡಿನ ಪೂರ್ವಾನುಭವವೂ ಇದನ್ನೇ ಹೇಳುತ್ತದೆ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆರಂಭವಾದ ಮೈಸೂರು ಸಂಪದಭ್ಯುದಯ ಸಮಾಜವು ಅಧಿಕಾರಿಗಳನ್ನೂ ವರ್ತಕರನ್ನೂ ಕೃಷಿಕರನ್ನೂ ಒಂದೇ ಸಭೆಯಲ್ಲಿ ಕುಳ್ಳಿರಿಸಿತು. ಶಿಕ್ಷಣ, ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಸಮಿತಿಗಳು ರಚನೆಯಾದವು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಆ ಕಾಲಘಟ್ಟದಲ್ಲಿಯೇ 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ತಲೆಯೆತ್ತಿದವು. ವರದಿಗಳನ್ನು ಅಂಚೆಯಲ್ಲಿ ಕಳುಹಿಸಿ ಅಭಿಪ್ರಾಯ ತರಿಸಿಕೊಳ್ಳುವ ಅನುಕೂಲ ಆಗಲೂ ಇತ್ತು. ಆದರೂ ಜನರನ್ನು ಸೇರಿಸುವುದೇ ಮೇಲೆಂದು ಆ ಹಿರಿಯರು ಬಗೆದರು.

ಖರ್ಚಿನ ಕಡೆ

ಇನ್ನು ಖರ್ಚಿನ ಪುಟ. ಇದರಲ್ಲಿ ಮೊದಲ ಬಾಬು ರಸ್ತೆ. 2022ರ ಆಗಸ್ಟ್ 30ರಂದು ಮಳೆನೀರು ನಿಂತು ಹೊರವರ್ತುಲ ರಸ್ತೆ ಸ್ತಬ್ಧವಾದಾಗ, ಆ ಒಂದು ದಿನದ ನಷ್ಟ 225 ಕೋಟಿ ರೂಪಾಯಿ ಎಂದು ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು. ದೊಡ್ಡ ಕಂಪನಿಗಳ ನಷ್ಟಕ್ಕೆ ಲೆಕ್ಕವಿಡುವವರಿದ್ದಾರೆ. ಪೀಣ್ಯದಿಂದ ಬೆಳ್ಳಂದೂರಿನ ಹೋಟೆಲೊಂದರ ಸಭೆಗೆ ಹೊರಟು ನಗರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟುವ ಉದ್ಯಮಿಯ ನಷ್ಟ ಯಾವ ಪತ್ರದಲ್ಲಿಯೂ ಸೇರುವುದಿಲ್ಲ.

ಎರಡನೆಯ ಬಾಬು ತೆರಿಗೆ. ಸಮ್ಮೇಳನದ ಶುಲ್ಕ 3,000 ರೂಪಾಯಿ ಎಂದಿರಲಿ. ಶೇ. 18ರ ಜಿಎಸ್‌ಟಿ 540 ರೂಪಾಯಿ ಆಗುತ್ತದೆ. ಉದ್ಯಮದ ಸಲುವಾಗಿ ಭಾಗವಹಿಸಿದ್ದು, ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಸರಿಯಾಗಿ ನಮೂದಾಗಿದ್ದರೆ, ಬೆಂಗಳೂರಿನಲ್ಲಿಯೇ ನಡೆಯುವ ಸಭೆಯ ಈ ತೆರಿಗೆಯನ್ನು ಸಾಮಾನ್ಯವಾಗಿ ಜಮೆ ಪಡೆಯಬಹುದು. ಹೊರರಾಜ್ಯದ ಸಮ್ಮೇಳನದಲ್ಲಿ ಎಚ್ಚರ ಬೇಕು. ಕೊಯಮತ್ತೂರಿನ ಹೋಟೆಲು ಕೋಣೆಯ ಬಾಡಿಗೆಗೆ ವಿಧಿಸುವ ತೆರಿಗೆ ಆ ರಾಜ್ಯಕ್ಕೆ ಸೇರಿದ್ದು. ಕರ್ನಾಟಕದಲ್ಲಷ್ಟೇ ನೋಂದಾಯಿತನಾದವನಿಗೆ ಅದರ ಜಮೆ ಸಿಗುವುದಿಲ್ಲ. ಊಟೋಪಚಾರದ ತೆರಿಗೆಗೂ ಸಾಮಾನ್ಯವಾಗಿ ಜಮೆಯಿಲ್ಲ. ಹೀಗಾಗಿ ಮನೆಯ ಬಾಗಿಲಲ್ಲಿ ನಡೆಯುವ ಸಮ್ಮೇಳನವನ್ನು ಬಿಟ್ಟು ದೂರದ್ದನ್ನು ಆರಿಸಿಕೊಳ್ಳುವ ಮುನ್ನ ಈ ವ್ಯತ್ಯಾಸವನ್ನೂ ಗಣಿಸಬೇಕು.

ಸಂಘಟಕರ ಹೊಣೆ

ಖರ್ಚನ್ನು ತಗ್ಗಿಸುವ ಹೊಣೆ ಬಹಳಷ್ಟು ಸಂಘಟಕರ ಮೇಲಿದೆ. ಐದು ವರ್ಷಗಳ ಹಿಂದೆ ನಿಂತ ಸಭೆಯನ್ನು ಅದೇ ರೂಪದಲ್ಲಿ ಮತ್ತೆ ನಡೆಸಿದರೆ ಸದಸ್ಯರು ಲಿಂಕನ್ನೇ ಕೇಳುತ್ತಾರೆ, ಕೇಳುವುದೂ ಸರಿ.

ಮೊದಲನೆಯದು ಸ್ಥಳದ ಆಯ್ಕೆ. ವೈಟ್‌ಫೀಲ್ಡ್‌ಗೆ 2023ರಲ್ಲಿ ಮೆಟ್ರೊ ಸಂಪರ್ಕ ಪೂರ್ಣಗೊಂಡಿತು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಸಾಗಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಬೊಮ್ಮಸಂದ್ರವನ್ನು ಮುಟ್ಟಿತು. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಉದ್ಯಮಿಗಳು ಕಾರು ಹೊರತೆಗೆಯದೆ ಒಂದೆಡೆ ಸೇರಲು ಈಗ ಸಾಧ್ಯ. ಮೆಟ್ರೊ ನಿಲ್ದಾಣಕ್ಕೆ ಸಮೀಪದ ಸಭಾಂಗಣ ಸಾದಾ ಆಗಿದ್ದರೂ, ದೂರದ ಪಂಚತಾರಾ ಹೋಟೆಲಿಗಿಂತ ಸದಸ್ಯರಿಗೆ ಅಗ್ಗ.

ಎರಡನೆಯದು ದಿನದ ಆಯ್ಕೆ. ತಿಂಗಳ 7ರಂದು ಮೂಲದಲ್ಲಿ ಕಡಿತಗೊಳಿಸಿದ ತೆರಿಗೆಯ ಪಾವತಿ, 11ರಂದು ಮಾರಾಟದ ವಿವರಪತ್ರ, 15ರಂದು ಭವಿಷ್ಯ ನಿಧಿ, 20ರಂದು ಜಿಎಸ್‌ಟಿ ಪಾವತಿ: ಈ ಗಡುವುಗಳ ನಡುವೆ ಸಭೆ ಕರೆದರೆ ಮಾಲೀಕನ ದೇಹ ಸಭೆಯಲ್ಲಿ, ಮನಸ್ಸು ಕಚೇರಿಯಲ್ಲಿ. 21ರಿಂದ 27ರ ನಡುವಣ ಅರ್ಧ ದಿನ ಎಲ್ಲರಿಗೂ ಅನುಕೂಲ. ಶನಿವಾರ ಕಾರ್ಖಾನೆಗಳು ತೆರೆದಿರುತ್ತವೆ, ಬೆಳ್ಳಂದೂರಿನ ಕಂಪನಿಗಳ ಖರೀದಿ ಅಧಿಕಾರಿಗಳು ಮನೆಯಲ್ಲಿರುತ್ತಾರೆ ಎಂಬುದನ್ನೂ ಮರೆಯಬಾರದು. ಖರೀದಿದಾರನೇ ಇಲ್ಲದ ಸಮಾವೇಶದಿಂದ ಪೂರೈಕೆದಾರನಿಗೆ ಪ್ರಯೋಜನವಿಲ್ಲ.

ಮೂರನೆಯದು ಕಾರ್ಯಕ್ರಮದ ಸ್ವರೂಪ. ದೀಪ ಬೆಳಗುವುದು, ಸ್ವಾಗತ, ಹಾರ ತುರಾಯಿ, ವಂದನಾರ್ಪಣೆಗಳಲ್ಲಿಯೇ ಅರ್ಧ ಹೊತ್ತು ಕಳೆಯುವ ಪದ್ಧತಿ ಸಾಕು. ಉಪನ್ಯಾಸವನ್ನು ಮೊದಲೇ ಮುದ್ರಿಸಿ ಕಳುಹಿಸಬಹುದು. ಅದರ ಧ್ವನಿಮುದ್ರಣವನ್ನು ಜಿಲ್ಲೆಗಳ ಸದಸ್ಯರಿಗೆ ಅಲ್ಪ ಶುಲ್ಕದಲ್ಲಿ ಒದಗಿಸಬಹುದು. ಸಭಾಂಗಣದ ಸಮಯದಲ್ಲಿ ಅರ್ಧ ಭಾಗವನ್ನಾದರೂ ಪ್ರಶ್ನೋತ್ತರಕ್ಕೂ ಪರಸ್ಪರ ಪರಿಚಯಕ್ಕೂ ಮೀಸಲಿಡಬೇಕು. ಪ್ರತಿ ಸಮ್ಮೇಳನದಲ್ಲಿಯೂ ಧ್ವನಿಮುದ್ರಣವಿಲ್ಲದ ಒಂದು ಗೋಷ್ಠಿ ಇರಲಿ. ಬಾಕಿ ವಸೂಲಿ, ಗುಣಮಟ್ಟದ ತಕರಾರು, ಬ್ಯಾಂಕಿನ ಕಿರಿಕಿರಿಗಳು ಅಲ್ಲಿ ಹೆಸರು ಹಿಡಿದು ಚರ್ಚೆಯಾಗಲಿ.

ಸದಸ್ಯರ ಕರ್ತವ್ಯ

ಸದಸ್ಯರ ಪಾಲಿನ ಕರ್ತವ್ಯವೂ ಇದೆ. ಪರಿಚಯಸ್ಥರ ಗುಂಪಿನಲ್ಲಿಯೇ ಕುಳಿತು ಊಟ ಮುಗಿಸಿ ಮರಳಿದರೆ ಮುಖಾಮುಖಿ ಸಭೆಯೂ ತೆರೆಯ ಸಭೆಯೂ ಒಂದೇ. ಹೊರಡುವ ಮುನ್ನ ಭೇಟಿಯಾಗಬೇಕಾದ ಮೂವರ ಹೆಸರು, ಕೇಳಬೇಕಾದ ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುವುದು ಲೇಸು. ಮಾಲೀಕರು ಪ್ರತಿ ಬಾರಿ ತಾವೇ ಹೋಗಬೇಕೆಂದಿಲ್ಲ. ಉದ್ಯಮವನ್ನು ಮುಂದೆ ನಡೆಸಲಿರುವ ಮಗನನ್ನೋ ಮಗಳನ್ನೋ, ನಂಬಿಕೆಯ ಮೇಲ್ವಿಚಾರಕನನ್ನೋ ಕಳುಹಿಸಬಹುದು. ಲಾಕ್‌ಡೌನ್ ಕಾಲದಲ್ಲಿ ವ್ಯವಹಾರಕ್ಕೆ ಕಾಲಿಟ್ಟ ಯುವಕರಿಗೆ ಗಿರಾಕಿಗಳ ದೂರವಾಣಿ ಸಂಖ್ಯೆಗಳು ಗೊತ್ತು, ಮುಖಗಳು ಗೊತ್ತಿಲ್ಲ. ಹಿರಿಯರು ಗಳಿಸಿದ ಪರಿಚಯ ಆಸ್ತಿಯಂತೆ ದಾಖಲೆ ಪತ್ರದ ಮೂಲಕ ವರ್ಗಾವಣೆಯಾಗುವುದಿಲ್ಲ. ಕೈಹಿಡಿದು ಕರೆದೊಯ್ದು ತೋರಿಸಬೇಕಾಗುತ್ತದೆ.

ವರ್ಷಕ್ಕೆ ನಾಲ್ಕು ಸಮ್ಮೇಳನಗಳಲ್ಲಿ ಭಾಗವಹಿಸಿದವರು ಪ್ರತಿಯೊಂದರ ಶುಲ್ಕ, ಪ್ರಯಾಣ, ಕಳೆದ ಸಮಯಗಳನ್ನು ಒಂದು ಪುಟದಲ್ಲಿ ಬರೆದು, ಎದುರು ಪುಟದಲ್ಲಿ ದೊರೆತ ವಿಚಾರಣೆ, ತಪ್ಪಿದ ನಷ್ಟ, ವಸೂಲಾದ ಬಾಕಿಗಳನ್ನು ದಾಖಲಿಸಲಿ. ವರ್ಷಾಂತ್ಯದಲ್ಲಿ ಆ ಪುಟಗಳೇ ಯಾವ ಸಭೆಗೆ ಹೋಗಬೇಕು, ಯಾವುದಕ್ಕೆ ಲಿಂಕ್ ಸಾಕು ಎಂಬುದನ್ನು ತಿಳಿಸುತ್ತವೆ.

ಲೆಕ್ಕಪತ್ರದಲ್ಲಿ ಸಮ್ಮೇಳನದ ಶುಲ್ಕ ಎಂದಿಗೂ ಖರ್ಚೇ. ಆಸ್ತಿ ಹೊಣೆಗಾರಿಕೆಯ ಪಟ್ಟಿಯಲ್ಲಿ ವಿಶ್ವಾಸಕ್ಕೆ ಕಾಲಮು ಇಲ್ಲ. ಆದರೆ ಬಾಕಿ ಬಾರದೆ ಸಂಬಳದ ದಿನ ಸಮೀಪಿಸಿದಾಗ, "ಹತ್ತು ದಿನ ತಡವಾದರೂ ಚಿಂತೆಯಿಲ್ಲ, ಕಚ್ಚಾ ಮಾಲು ತೆಗೆದುಕೊಂಡು ಹೋಗಿ" ಎನ್ನುವ ವರ್ತಕ ಸಿಗುವುದು ಮುಖಪರಿಚಯ ಉಳ್ಳವನಿಗೇ. ಆ ಒಂದು ಮಾತಿನ ಬೆಲೆಯನ್ನು ಅರಿತವರು ಮುಂದಿನ ಆಹ್ವಾನ ಪತ್ರಿಕೆ ಬಂದಾಗ ಲಿಂಕ್ ಕೇಳುವ ಮೊದಲು ವಿಳಾಸವನ್ನು ಓದಿಯಾರು.