ಬಾಜೂಕ ಯಾರರ ಅದಾರೇನು?

ಫೋನಿನಲ್ಲಿ ಅವ್ವ ನನಗೆ ಕೇಳುವ ಪ್ರಶ್ನೆ ಇದು. ಆಫೀಸಿನಲ್ಲಿದ್ದಾಗ ಆಕೆಯ ಫೋನ್ ಬಂದರೆ "ಹೇಳಮ್ಮಾ, ಕೆಲಸದಲ್ಲಿದೀನಿ, ಆಮೇಲೆ ಮಾಡ್ತೀನಿ" ಅಂತೀನಿ. ರೂಮಿನಲ್ಲಿ ಒಬ್ಬನೇ ಇದ್ದರೆ "ಹೇಳಬೇ ಯವ್ವಾ". ಎರಡು ಶಬ್ದ ಕೇಳಿದರೆ ಸಾಕು, ನನ್ನ ಪಕ್ಕ ಜನ ಇದ್ದಾರೋ ಇಲ್ಲವೋ ಆಕೆಗೆ ಗೊತ್ತಾಗುತ್ತೆ. ಬೆಂಗಳೂರಿಗೆ ಬಂದಾಗಿನಿಂದ ಹೀಗೇ ನಡೆದಿದೆ. ನಾಚಿಕೆ ಅನಿಸಿದ್ದು ಮಾತ್ರ ಈ ಸಲ ಊರಿಗೆ ಹೋದಾಗ.

ನಮ್ಮದು ರೋಣ ತಾಲೂಕಿನ ಹಳ್ಳಿ. ಅಣ್ಣನ ಮಗಳು ಎರಡನೇ ಕ್ಲಾಸು. ಸಂಜೆ ಅವ್ವ ರೊಟ್ಟಿ ಬಡೀತಾ "ಡಬ್ಬ್ಯಾಗ ಶೇಂಗಾ ಚಟ್ನಿ ಐತಿ ನೋಡವ್ವಾ" ಅಂದಳು. ಹುಡುಗಿ ಥಟ್ಟನೆ, "ಆಯಿ, ಐತಿ ಅನಬಾರ್ದು, ಇದೆ ಅನಬೇಕು. ಮಿಸ್ ಬೈತಾರ" ಅಂತು. (ಆ 'ಬೈತಾರ' ಯಾವ ಊರಿನದು ಅಂತ ಮಿಸ್ಸಿಗೇ ಕೇಳಬೇಕು.) ಎಲ್ಲರೂ ನಕ್ಕೆವು. ಅವ್ವನೂ ನಕ್ಕಳು. ಆಮೇಲೆ ಮೊಮ್ಮಗಳ ಎದುರಿಗೆ ಆಕೆಯ ಮಾತು ಕಡಿಮೆಯಾದದ್ದನ್ನು ನಾನೊಬ್ಬನೇ ಗಮನಿಸಿದೆ ಅನಿಸುತ್ತೆ. ಯಾಕಂದ್ರೆ ಅದನ್ನು ನಾನು ಮೊದಲೂ ಒಮ್ಮೆ ನೋಡಿದ್ದೆ.

ಹಿಂದಿನ ವರ್ಷ ಬೆಂಗಳೂರಿನ ಒಂದು ಆಸ್ಪತ್ರೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. "ಟೊಂಕ ಹಿಡಕೊಂಡೈತ್ರಿ, ರಾತ್ರಿ ಕಾಲ ಜೋಮ ಹಿಡಿತಾವು" ಅಂತ ಶುರು ಮಾಡಿದಳು. ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ "ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡ್ತಾರೆ, ಥೇಟ್ ಸಿನಿಮಾ ಥರ!" ಅಂತ ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅವ್ವ ಅಲ್ಲಿಗೇ ಬಾಯಿ ಮುಚ್ಚಿದಳು. ಪ್ರತಿ ಪ್ರಶ್ನೆಗೂ ನನ್ನ ಮುಖ ನೋಡಿದಳು. ಆಕೆಯ ನೋವನ್ನು ನಾನು ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿ ಹೇಳಿದೆ. ರಾತ್ರಿ ಮನೆಗೆ ಬಂದ ಮೇಲೆ "ಎಡಗೈಯಾಗೂ ಜೋಮ ಬರ್ತೈತಿ, ಅದನ್ನ ಹೇಳೂದ ಬಿಟ್ಟೆ ನೋಡು" ಅಂದಳು.

ಈಗ ಹೇಳಿ, ನಮ್ಮ ಭಾಷೆ 'ಅಶುದ್ಧ' ಅಂದವರು ಯಾರು? 'ಮಾಡಾಕತ್ತೀನಿ' ಅನ್ನೋದು 'ಮಾಡಲಿಕ್ಕೆ ಹತ್ತಿದ್ದೇನೆ' ಸವೆದು ಆದದ್ದು. 'ಮಾಡ್ತಿದೀನಿ' ಅನ್ನೋದು 'ಮಾಡುತ್ತ ಇದ್ದೇನೆ' ಸವೆದು ಆದದ್ದು. ಎರಡೂ ಕಡೆ ಎರಡು ಶಬ್ದ ಕೂಡಿವೆ, ನಡುವಿನ ಅಕ್ಷರ ಉದುರಿವೆ. ನನ್ನ ಕಸುಬಿನ ಮಾತಲ್ಲಿ ಹೇಳೋದಾದರೆ ಒಂದೇ ಕೆಲಸ ಮಾಡುವ ಎರಡು ಫಂಕ್ಷನ್ನು, ಹೆಸರು ಬೇರೆ ಅಷ್ಟೆ. ಒಂದಕ್ಕೆ ಸಭ್ಯರ ಮಾತು ಅಂತ ಹೆಸರು ಬಂತು, ಇನ್ನೊಂದು ಕಾಮಿಡಿ ಶೋಗಳ ಪಾಲಾಯಿತು.

ಹಳೆಯದೇ ಬೇಕು ಅನ್ನುವವರಿಗೆ ಅದನ್ನೂ ಹೇಳಿಬಿಡ್ತೀನಿ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಅಂತ ತೋರಿಸುವ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಕಡೆಯ ಒಕ್ಕುಂದ. ಲಕ್ಷ್ಮೇಶ್ವರ ನಮ್ಮ ಗದಗ ಜಿಲ್ಲೆಯಲ್ಲೇ ಇದೆ, ಪಟ್ಟದಕಲ್ಲು ಪಕ್ಕದ ಬಾದಾಮಿ ತಾಲೂಕಿನಲ್ಲಿ. ಹಾಗಂತ ನಾವೇ ಶ್ರೇಷ್ಠ ಅಂತ ಮೀಸೆ ತಿರುವೋಕೆ ನನಗೆ ಮನಸ್ಸಿಲ್ಲ. ಕನ್ನಡಗಳು ಎಷ್ಟೊಂದು ಬಗೆ ಅಂದರೆ ವಾಸುಕಿಗೂ ಬೇಸರ ಬಂದೀತು ಅಂತ ಅದೇ ಗ್ರಂಥ ಹೇಳಿದೆ. ಆ ಕಾಲಕ್ಕೇ ಒಪ್ಪಿಕೊಂಡ ಸಂಗತಿಯನ್ನು ನಮ್ಮ ಮಿಸ್ಸುಗಳು ಇನ್ನೂ ಒಪ್ಪಿಲ್ಲ.

ಹೊಗಳುವವರ ಕಾಟ ಇನ್ನೊಂದು. "ನಿಮ್ದು ಖಡಕ್ ಭಾಷೆ ಬಿಡ್ರಿ, ಒಂದೆರಡು ಬೈಗುಳ ಹೇಳಿ ಕೇಳೋಣ" ಅಂತ ನನ್ನ ಟೀಮಿನವರು ಅದೆಷ್ಟು ಸಲ ಕೇಳಿಲ್ಲ! ಸಿನಿಮಾದಲ್ಲಿ ನಮ್ಮ ಮಾತು ಹೆಚ್ಚಾಗಿ ರೌಡಿಗೆ, ಇಲ್ಲಾ ಪೆದ್ದನಿಗೆ. ಆದರೆ ನನಗೆ ಜ್ವರ ಬಂದಾಗ ಅವ್ವ ಹಣೆ ಮುಟ್ಟಿ "ಯಾಕೋ ನನ್ನಪ್ಪಾ, ಮೈ ಸುಡಾಕತ್ತೈತೆಲ್ಲೋ" ಅಂದದ್ದೂ ಇದೇ ಭಾಷೆಯಲ್ಲಿ. ಅದರಲ್ಲಿ ಖಡಕ್ ಏನಿದೆ?

ಬರೆಯೋದಕ್ಕೆ ಎಲ್ಲರದೂ ಆದ ಒಂದು ಕನ್ನಡ ಬೇಡವಾ ಅಂತ ಕೇಳ್ತೀರಿ. ಬೇಕು. ಇದನ್ನೂ ಹೆಚ್ಚು ಕಡಿಮೆ ಅದರಲ್ಲೇ ಬರೀತಿದೀನಿ. ಹುಡುಗಿ ಪರೀಕ್ಷೆಯಲ್ಲಿ 'ಇದೆ' ಅಂತಲೇ ಬರೀಲಿ, ಹತ್ತಕ್ಕೆ ಹತ್ತು ತಗೊಳ್ಳಲಿ. ಅಡುಗೆಮನೆಯಲ್ಲಿ ಆಯಿಯನ್ನು ತಿದ್ದೋ ಕೆಲಸ ಆ ಕೂಸಿಗೆ ಯಾಕೆ ಹಚ್ಚಿದಿರಿ? ಎರಿಹೊಲ, ಮಸಾರಿ, ಕುಂಟಿ, ಕೂರಿಗಿ, ಹರಗೂದು, ಎಡಿ ಹೊಡಿಯೂದು — ಇವನ್ನೆಲ್ಲ ಆಕೆಗೆ ಹೇಳಿಕೊಡಬೇಕಾದವಳು ಅವ್ವ. ಮಾತು ತಪ್ಪು ಅಂತ ಅನಿಸಿಕೊಂಡವಳು ಹೇಳಿಕೊಡೋದಾದರೂ ಹೇಗೆ?

ಮಿಸ್ಸಿಗೆ ಬೈದು ನಾನು ಪಾರಾಗುವ ಹಾಗೂ ಇಲ್ಲ. ಆಕೆ ತರಗತಿಯಲ್ಲಿ ಮಾಡಿದ್ದನ್ನೇ ನಾನು ಫೋನಿನಲ್ಲಿ ಇಷ್ಟು ವರ್ಷ ಮಾಡಿದೀನಿ.

ಮೊನ್ನೆ ಮಂಗಳವಾರ ಆಫೀಸಿನಲ್ಲಿದ್ದಾಗ ಅವ್ವನ ಫೋನ್ ಬಂತು. ಸುತ್ತ ಹತ್ತು ಹನ್ನೆರಡು ಜನ. "ಹೇಳಬೇ ಯವ್ವಾ" ಅಂದೆ, ಜೋರಾಗೇ. ಆ ಕಡೆಯಿಂದ ಒಂದು ಗಳಿಗೆ ಸದ್ದಿಲ್ಲ.

"ಯಾಕೋ, ಇವತ್ತ ಆಫೀಸಿಗೆ ಹೋಗಿಲ್ಲೇನು? ಆರಾಮ ಅದೀ ಇಲ್ಲೋ?"