ಹಿಂಗಾಲು ಬಿದ್ದ ನಾಯಿಗೆ ಮೊದಲು ಬೇಕಾದ್ದು ಸ್ಕ್ಯಾನ್ ಅಲ್ಲ

ಡ್ಯಾಶ್‌ಹೌಂಡ್, ಬೀಗಲ್, ಶಿಟ್ಜು ಎಂಬ ಹೆಸರುಗಳು ಈಗ ಬೆಂಗಳೂರಿನವರಿಗಷ್ಟೇ ಪರಿಚಿತವಲ್ಲ. ಸಿರಿಗೆರೆ, ಭರಮಸಾಗರ, ಹೊಳಲ್ಕೆರೆ ಕಡೆಯ ಮನೆಗಳಿಗೂ ಈ ನಾಯಿಗಳು ಬಂದು ಸೇರುತ್ತಿವೆ, ಅವುಗಳ ಜೊತೆಗೆ ಒಂದು ಕಾಯಿಲೆಯೂ. ರಾತ್ರಿ ಸೋಫಾದಿಂದ ಜಿಗಿದ ನಾಯಿ ಬೆಳಿಗ್ಗೆ ಬೆನ್ನು ಗೂನು ಮಾಡಿಕೊಂಡು ನಿಂತಿರುತ್ತದೆ, ಎತ್ತಿಕೊಳ್ಳಹೋದರೆ ಚೀರುತ್ತದೆ, ಮಧ್ಯಾಹ್ನದ ಹೊತ್ತಿಗೆ ಹಿಂಗಾಲು ಎಳೆಯುತ್ತದೆ. ಲಕ್ವ ಹೊಡೆದಿದೆ ಎನ್ನುತ್ತಾರೆ ಕೆಲವರು, ಯಾರೋ ದೊಣ್ಣೆಯಲ್ಲಿ ಬಾರಿಸಿರಬೇಕು ಎನ್ನುತ್ತಾರೆ ಇನ್ನು ಕೆಲವರು. ಕೊನೆಗೆ ಬರುವ ಮಾತು ಮಾತ್ರ ಒಂದೇ: ಇದಕ್ಕೆ ಬೆಂಗಳೂರೇ ಗತಿ, ಸ್ಕ್ಯಾನ್ ಇಲ್ಲದೆ ಇಲ್ಲಿ ಏನೂ ಆಗದು. ಈ ಮಾತಿನಲ್ಲಿ ಅರ್ಧ ನಿಜವಿದೆ, ಆ ಅರ್ಧವೇ ಎಷ್ಟೋ ನಾಯಿಗಳ ಸಮಯ ಹಾಳು ಮಾಡುತ್ತದೆ. ಡಿಸ್ಕ್ ಕಾಯಿಲೆಯಲ್ಲಿ ನಾಯಿಯ ಮುಂದಿನ ಗತಿ ಏನೆಂದು ಹೇಳುವ ಮುಖ್ಯ ಪರೀಕ್ಷೆಗೆ ಬೇಕಾದ್ದು ಒಂದು ಚಿಮುಟ, ಹತ್ತು ನಿಮಿಷದ ತಾಳ್ಮೆ, ಕಂಡದ್ದನ್ನು ಬರೆದುಕೊಡುವ ಒಂದು ಚೀಟಿ. ಅಷ್ಟನ್ನು ಯಾವ ಪಶು ಆಸ್ಪತ್ರೆಯಲ್ಲಾದರೂ ಮಾಡಬಹುದು, ಮಾಡಲೇಬೇಕು.

ಬೆನ್ನಿನ ಮಣಿಗಳ ನಡುವಿನ ಡಿಸ್ಕಿಗೆ ಒಳಗೆ ಲೋಳೆ, ಸುತ್ತ ನಾರಿನ ಉಂಗುರ. ಗಿಡ್ಡ ಕಾಲಿನ ತಳಿಗಳಲ್ಲಿ ನಾಯಿಗೆ ವರ್ಷ ತುಂಬುವಷ್ಟರಲ್ಲೇ ಆ ಲೋಳೆ ಒಣಗಿ ಸುಣ್ಣಗಟ್ಟತೊಡಗುತ್ತದೆ. ಮುಂದೊಂದು ದಿನ, ಹೆಚ್ಚಾಗಿ 3ರಿಂದ 7ನೇ ವಯಸ್ಸಿನೊಳಗೆ, ಅದು ಉಂಗುರ ಹರಿದುಕೊಂಡು ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಅದುಮುತ್ತದೆ. ವಯಸ್ಸಾದ ದೊಡ್ಡ ನಾಯಿಗಳಲ್ಲಿ ಉಂಗುರವೇ ನಿಧಾನವಾಗಿ ಉಬ್ಬುವುದು ಇನ್ನೊಂದು ಬಗೆ. ಸ್ವೀಡನ್ನಿನ ಹಾನ್ಸೆನ್ 1950ರ ದಶಕದ ಆರಂಭದಲ್ಲೇ ಇವೆರಡನ್ನೂ ಬೇರೆಬೇರೆಯಾಗಿ ವಿವರಿಸಿದ್ದರು. ಕಾಲನ್ನು ಗಿಡ್ಡ ಮಾಡುವ, ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದು ಡಿಸ್ಕನ್ನೂ ಕೆಡಿಸುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಅಂದರೆ ನಾವು ಮುದ್ದು ಎಂದು ದುಡ್ಡು ಕೊಟ್ಟು ತರುವ ಆ ಆಕಾರದಲ್ಲೇ ರೋಗವೂ ಅಡಗಿದೆ. ಡ್ಯಾಶ್‌ಹೌಂಡ್‌ಗಳಲ್ಲಿ ಸರಿಸುಮಾರು ಐದಕ್ಕೊಂದು ಜೀವಮಾನದಲ್ಲಿ ಒಮ್ಮೆಯಾದರೂ ಇದಕ್ಕೆ ತುತ್ತಾಗುತ್ತದೆ. ಹಿರಿಯೂರು, ಚಳ್ಳಕೆರೆ ಕಡೆ ಕುರಿಮಂದೆ ಕಾಯುವ ನಾಯಿಗೆ, ಮುಧೋಳ ನಾಯಿಗೆ ಕಾಲು ಉದ್ದ. ಹೀಗಾಗಿ ಹಳ್ಳಿಯಲ್ಲಿ ದನ, ಕುರಿ ನೋಡಿ ಪಳಗಿದ ಕಣ್ಣಿಗೆ ಈ ಕಾಯಿಲೆ ಹೊಸದೆನಿಸಿದರೆ ತಪ್ಪಿಲ್ಲ.

ಪರೀಕ್ಷೆಗೆ ಬರೋಣ. ನಾಯಿ ತೂರಾಡುತ್ತಲಾದರೂ ನಡೆಯುತ್ತದೆಯೇ? ನಿಲ್ಲಲಾರದಿದ್ದರೂ ಕಾಲು ಅಲುಗಿಸುತ್ತದೆಯೇ? ಪಾದವನ್ನು ಮಡಿಸಿ ನೆಲಕ್ಕೆ ತಾಗಿಸಿದರೆ ಕೂಡಲೇ ನೆಟ್ಟಗೆ ಮಾಡಿಕೊಳ್ಳುತ್ತದೆಯೇ? ಕಾಲು ಪೂರ್ತಿ ಬಿದ್ದುಹೋಗಿದ್ದರೆ, ಬಾಯಿ ಕಟ್ಟಿ, ಬೆರಳಿನ ಮೂಳೆಗೆ ತಾಗುವಂತೆ ಚಿಮುಟದಿಂದ ಬಿಗಿಯಾಗಿ ಅದುಮಬೇಕು. ಎಡವುವುದು ಇಲ್ಲೇ. ನಾಯಿ ಕಾಲು ಎಳೆದುಕೊಂಡ ಮಾತ್ರಕ್ಕೆ ಅದಕ್ಕೆ ನೋವು ತಿಳಿಯಿತೆಂದು ಅರ್ಥವಲ್ಲ, ಮೆದುಳಿನ ಸಂಪರ್ಕ ಕಡಿದ ಕಾಲೂ ಹಾಗೆ ಎಳೆದುಕೊಳ್ಳುತ್ತದೆ. ಗಮನವಿರಬೇಕಾದ್ದು ಮುಖದ ಮೇಲೆ: ತಿರುಗಿ ನೋಡಿತೇ, ಗುರುಗುಟ್ಟಿತೇ, ಕಚ್ಚಲು ಬಂದಿತೇ? ನೋವು ತಿಳಿಯುವ ನಾಯಿಗಳಿಗೆ ಶಸ್ತ್ರಚಿಕಿತ್ಸೆಯಾದರೆ ನೂರರಲ್ಲಿ 90ಕ್ಕೂ ಹೆಚ್ಚು ಮತ್ತೆ ನಡೆಯುತ್ತವೆ. ನೋವೇ ತಿಳಿಯದವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಚೇತರಿಸಿಕೊಳ್ಳಬಹುದು, ಸುಮಾರು ಹತ್ತಕ್ಕೊಂದರಲ್ಲಿ ಬೆನ್ನುಹುರಿಯೇ ಕರಗುತ್ತಾ ಹೋಗಿ ಸಾವು ಬರುತ್ತದೆ. ಎಕ್ಸ್‌ರೇಯಲ್ಲಿ ಮುರಿದ ಮೂಳೆ ಕಾಣುತ್ತದೆ, ಅದುಮಿಕೊಂಡ ಬೆನ್ನುಹುರಿ ಕಾಣುವುದಿಲ್ಲ. ಎಂಆರ್‌ಐ ಬೇಕಾಗುವುದು ಎಲ್ಲಿ ಕೊಯ್ಯಬೇಕೆಂದು ತಿಳಿಯಲು. ಕೊಯ್ಯಬೇಕೇ, ಎಷ್ಟು ಬೇಗ ಎಂಬುದಕ್ಕೆ ಚಿಮುಟವೇ ಮೊದಲ ಉತ್ತರ ಕೊಟ್ಟಿರುತ್ತದೆ.

‘ಒಂದು ಇಂಜೆಕ್ಷನ್ ಹಾಕಿಸಿದೆವು, ಮಾರನೇ ದಿನ ಎದ್ದು ಓಡಾಡಿತು, ಇಷ್ಟೆಲ್ಲ ಯಾಕೆ?’ ಎಂದು ಕೇಳುವವರಿದ್ದಾರೆ. ಎದ್ದು ಓಡಾಡಿದ್ದು ನಿಜವೇ ಇರಬಹುದು. ನಡೆಯಬಲ್ಲ ನಾಯಿಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆ ಇಲ್ಲದೆಯೂ ಸುಧಾರಿಸುತ್ತವೆ. ಆದರೆ ಅವಕ್ಕೆ ಬೇಕಾದ್ದು ಕನಿಷ್ಠ 4 ವಾರದ ಕಟ್ಟುನಿಟ್ಟಾದ ವಿಶ್ರಾಂತಿ. ನೋವು ಅಡಗಿದ ನಾಯಿ ಜಿಗಿಯುತ್ತದೆ, ಹರಿದ ಉಂಗುರದಿಂದ ಉಳಿದದ್ದೂ ಹೊರಬೀಳುತ್ತದೆ. ಜಗಲಿಯ ಕಂಬಕ್ಕೆ ಚೈನ್ ಹಾಕಿ ಕಟ್ಟುವುದು ವಿಶ್ರಾಂತಿಯಲ್ಲ, ಬೀದಿಯಲ್ಲಿ ಹೋಗುವ ಪ್ರತಿ ಬೈಕಿಗೂ ಅದು ಎಗರುತ್ತದೆ. ಎದ್ದು ಹೊರಳಲು ಮಾತ್ರ ಜಾಗವಿರುವ ಪಂಜರ ಬೇಕು, ಮೂತ್ರಕ್ಕೆ ಎತ್ತಿಕೊಂಡೇ ಹೊರಗೆ ಒಯ್ಯಬೇಕು. ಸ್ಟಿರಾಯ್ಡ್ ಈಗ ಈ ಕಾಯಿಲೆಗೆ ವಾಡಿಕೆಯ ಮದ್ದಲ್ಲ. ಒಬ್ಬರು ಸ್ಟಿರಾಯ್ಡ್ ಕೊಟ್ಟ ಮೇಲೆ ಇನ್ನೊಬ್ಬರು ಗೊತ್ತಿಲ್ಲದೆ ಬೇರೆ ನೋವಿನ ಮಾತ್ರೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ತೂತು ಬೀಳುವುದೂ ಉಂಟು. ಚೀಟಿಯಲ್ಲಿ ಮದ್ದಿನ ಹೆಸರು, ಪ್ರಮಾಣ, ಕಾಲು ಬಿದ್ದ ಹೊತ್ತು ಇರಲೇಬೇಕು ಎನ್ನುವುದು ಇದಕ್ಕೇ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿ.ಮೀ. ಹೆಬ್ಬಾಳದ ಅಥವಾ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೊರಡುವ ಮುಂಚೆ ಫೋನಿನಲ್ಲಿ ಆ ಚೀಟಿ ಓದಿ ಹೇಳಿದರೆ, ಹೋಗುವುದೋ ಬೇಡವೋ ಎನ್ನುವುದು ಮನೆಯಲ್ಲೇ ತೀರ್ಮಾನವಾಗುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ರೈತರದ್ದು: ಹಾಲು ಕೊಡುವ ಹಸುವಿಗೇ ಡಾಕ್ಟರು ಹೊತ್ತಿಗೆ ಸಿಗುವುದಿಲ್ಲ, ಸಾಕಿದ ಶೋಕಿಗೆ ಸರ್ಕಾರಿ ವೈದ್ಯರ ಸಮಯ ಏಕೆ? ಶಸ್ತ್ರಚಿಕಿತ್ಸೆಯ ಖರ್ಚು ಸಾಕಿದವರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಪರೀಕ್ಷೆ ಊರಿಗೂ ಬೇಕು. ಹಿಂಗಾಲು ಬಿದ್ದ ನಾಯಿಗೆಲ್ಲ ಡಿಸ್ಕೇ ಜಾರಿರುವುದಿಲ್ಲ. ಡಿಸ್ಟೆಂಪರ್ ಇರಬಹುದು, ರೇಬಿಸ್ ಕೂಡ ಇರಬಹುದು. ಲಸಿಕೆ ಹಾಕಿಸದ ನಾಯಿಗೆ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ, ದನಿ ಬದಲಾಗಿದ್ದರೆ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈಹಾಕುವ ಮನೆಯವರನ್ನು ತಡೆಯುವುದು ಹಸುವಿನ ಚಿಕಿತ್ಸೆಗಿಂತ ಕಡಿಮೆಯ ಕೆಲಸವಲ್ಲ. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡುವುದೇ ದಯೆ ಎನ್ನುವವರ ಮಾತನ್ನೂ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ನೋವಿನ ಅರಿವು ಹೋದ ನಾಯಿಯ ಮೂತ್ರಕೋಶವನ್ನು ದಿನಕ್ಕೆ ಮೂರು ಸಲ ಕೈಯಿಂದ ಒತ್ತಿ ಖಾಲಿ ಮಾಡಬೇಕು, ಕೂಲಿಗೆ ಹೋಗುವ ಮನೆಯಲ್ಲಿ ಅದು ಯಾರಿಂದಾದೀತು? ಪರೀಕ್ಷೆ ಮಾಡಿ, ಯೋಚಿಸಿ ಆ ದಾರಿ ಹಿಡಿದವರನ್ನು ದೂರುವಂತಿಲ್ಲ. ಬೆರಳು ಅದುಮಿ ನೋಡದೆಯೇ ಆ ದಾರಿ ಹಿಡಿಯುವುದಕ್ಕೆ ಮಾತ್ರ ನನ್ನ ತಕರಾರು.

ಮರಿ ಮಾರುವವರನ್ನೂ ಇಲ್ಲಿ ಬಿಡುವಂತಿಲ್ಲ. ನಾಯಿ ತಳಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳ ಪ್ರಕಾರ ಅವರು ನೋಂದಣಿ ಮಾಡಿಸಬೇಕು, 8 ವಾರ ತುಂಬದ ಮರಿ ಮಾರಕೂಡದು. ಬೆನ್ನಿನ ತಪಾಸಣೆಯೂ ಅಸಾಧ್ಯವೇನಲ್ಲ. ನಾರ್ವೆ, ಡೆನ್ಮಾರ್ಕ್ ಕಡೆ ಡ್ಯಾಶ್‌ಹೌಂಡ್‌ಗಳನ್ನು ಮರಿ ಹಾಕಿಸುವ ಮುಂಚೆ, 2ರಿಂದ 4 ವರ್ಷದೊಳಗೆ, ಬೆನ್ನಿನ ಎಕ್ಸ್‌ರೇ ತೆಗೆದು ಸುಣ್ಣಗಟ್ಟಿದ ಡಿಸ್ಕುಗಳನ್ನು ಎಣಿಸುತ್ತಾರೆ, ಹೆಚ್ಚಿರುವವನ್ನು ತಳಿಗೆ ಬಳಸುವುದಿಲ್ಲ. ಇದಕ್ಕೆ ಎಂಆರ್‌ಐ ಬೇಡ, ಸಾದಾ ಎಕ್ಸ್‌ರೇ ಸಾಕು. ಮರಿಗೆ ಸಾವಿರಾರು ರೂಪಾಯಿ ಎಣಿಸುವ ಮುನ್ನ ಅದರ ತಾಯಿಯ ಬೆನ್ನಿನ ಎಕ್ಸ್‌ರೇ ತೋರಿಸಿ ಎಂದು ಕೇಳುವ ಗಿರಾಕಿ ನಮ್ಮಲ್ಲಿನ್ನೂ ಅಪರೂಪ.