ನಾಯಕನಿಲ್ಲದೆಯೂ ಗೆದ್ದ ತಂಡ

ಪ್ರೊ ಕಬಡ್ಡಿಯಲ್ಲಿ ಕನ್ನಡಿಗ ತರಬೇತುದಾರ ಬಿ.ಸಿ. ರಮೇಶ್ ಅವರ ಸಾಧನೆ ಪರೇಲ್‌ನ ನಮಗೂ ಒಂದು ಪಾಠ. 2019ರ ಅಂತಿಮ ಪಂದ್ಯಕ್ಕೆ ನಾಯಕ ಮಣಿಂದರ್ ಸಿಂಗ್ ಗಾಯದಿಂದಾಗಿ ಇಳಿಯದಿದ್ದರೂ ರಮೇಶ್ ಅವರ ಬೆಂಗಾಲ್ ವಾರಿಯರ್ಸ್ ತಂಡ ದೆಹಲಿಯನ್ನು 39-34 ಅಂಕಗಳಿಂದ ಮಣಿಸಿತು. 2024ರಲ್ಲಿ ಅವರು ಪುಣೇರಿ ಪಲ್ಟನ್‌ಗೆ ಮೊದಲ ಪ್ರಶಸ್ತಿಯನ್ನು ತಂದಿತ್ತರು. ಅಸ್ಲಂ ಇನಾಮದಾರ್ ನಾಯಕತ್ವದ ಆ ತಂಡದಲ್ಲಿ ‘ಯುವ ಪಲ್ಟನ್’ನಲ್ಲಿ ಪಳಗಿದ ಹುಡುಗರಿದ್ದರು. ಒಬ್ಬ ತಾರೆಯನ್ನು ನೆಚ್ಚದೆ, ಅಂಕಣದ ಏಳ್ವರ ಹಿಂದೆ ಇನ್ನಷ್ಟು ಮಂದಿಯನ್ನು ಸಿದ್ಧಗೊಳಿಸುವುದೇ ನಿಜವಾದ ತರಬೇತಿ.

ಪರೇಲ್-ಲಾಲ್‌ಬಾಗ್‌ನ ಚಾಳುಗಳಲ್ಲಿ ಕಬಡ್ಡಿ ಹೀಗೆಯೇ ಹಿರಿಯರಿಂದ ಕಿರಿಯರಿಗೆ ಇಳಿದುಬಂದಿತ್ತು. 1982ರ ಮುಷ್ಕರದ ತರುವಾಯ ಗಿರಣಿಗಳು ಮುಚ್ಚುತ್ತ ಹೋದವು, ಗಗನಚುಂಬಿ ಕಟ್ಟಡಗಳೆದ್ದವು, ಆಡುವ ಅಂಗಳಗಳು ಕಿರಿದಾದವು. ನಮ್ಮ ಸಂಘಗಳು ವರ್ಷಕ್ಕೊಮ್ಮೆ ಪಾರಿತೋಷಕ ಹಂಚಿ ತೃಪ್ತಿಪಡದೆ, ಮಕ್ಕಳಿಗೆ ನಿತ್ಯ ಆಡಲು ಒಂದು ಅಂಗಳವನ್ನೂ ಕಲಿಸಲು ಒಬ್ಬ ಗುರುವನ್ನೂ ಒದಗಿಸಬೇಕಾಗಿದೆ.